ಆಕಾಶಕ್ಕೆ ತೇಪೆ ಹಾಕಲು ಇಟಲಿಗೆ

ಹೆಬ್ಬಾಳದ ಶೆಡ್ಡು

ಇಟಲಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ವಾಲಿದ ಗೋಪುರದ ವಿಚಾರ. ನೋಡಲಿಲ್ಲ. ನೀರಿನ ಮೇಲೆ ಕಟ್ಟಿದ ಊರು? ಅದನ್ನೂ ನೋಡಲಿಲ್ಲ. ಹಾಗಾದರೆ ಅಷ್ಟು ದೂರ ಹೋಗಿ ಏನು ನೋಡಿದಿರಿ ಎಂದು ಹುಬ್ಬೇರಿಸುತ್ತಾರೆ. ಮಂಜು ನೋಡಿದೆ, ಕೊಯ್ಲು ಮುಗಿದ ಭತ್ತದ ಗದ್ದೆ ನೋಡಿದೆ, ಒಂದು ಹಿತ್ತಾಳೆಯ ಮೂತಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಇಷ್ಟು ಹೇಳಿದ ಮೇಲೆ ಅವರು ಮಾತು ಬದಲಿಸುತ್ತಾರೆ.

ಹೋದದ್ದು ನನ್ನ ಆಸೆಗಲ್ಲ, ನಮ್ಮಣ್ಣನ ಜೊತೆಗೆ. ಅಣ್ಣ ಮಹದೇವ ಫ್ರಿಜ್ಜು, ಏಸಿ ರಿಪೇರಿ ಮಾಡುತ್ತಲೇ ತಲೆ ಬೆಳ್ಳಗಾದವನು. ಮೈಸೂರಿನ ಹೆಬ್ಬಾಳದಲ್ಲಿ ದೊಡ್ಡ ಕಾರ್ಖಾನೆಗಳ ಬೆನ್ನಿಗೆ ಅವನದೊಂದು ತಗಡಿನ ಶೆಡ್ಡಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಪ್ರತಿ ವರ್ಷ ಕರಿಹಲಗೆಯ ಮೇಲೆ ಭೂಮಿ ಬರೆದು, ಸುತ್ತ ನೀಲಿ ಸೀಮೆಸುಣ್ಣದಲ್ಲಿ ಓಝೋನ್ ಪದರ ಎಳೆದು, ದಕ್ಷಿಣ ಧ್ರುವದ ಹತ್ತಿರ ಬೆರಳಿನಿಂದ ಒರೆಸಿ "ಇದೇ ತೂತು" ಎನ್ನುತ್ತಿದ್ದೆ. ಹಳೆಯ ಫ್ರಿಜ್ಜು, ಏಸಿಗಳ ಗ್ಯಾಸು ಮೇಲೆ ಹೋಗಿ ಆ ಪದರವನ್ನು ತಿನ್ನುತ್ತದೆ, ಪದರ ತೆಳುವಾದರೆ ಬಿಸಿಲಿನ ಕೆಟ್ಟ ಕಿರಣ ನೇರವಾಗಿ ಚರ್ಮಕ್ಕೆ, ಕಣ್ಣಿಗೆ, ಬೆಳೆಗೆ ಬೀಳುತ್ತದೆ ಎಂದು ಬರೆಸುತ್ತಿದ್ದೆ. ನಾನು ಹಾಗೆ ಬರೆಸುತ್ತಿದ್ದ ಹೊತ್ತಿನಲ್ಲೇ ಊರಿನ ಮೆಕ್ಯಾನಿಕ್ಕುಗಳು ರಿಪೇರಿಗೆ ಬಂದ ಏಸಿಯ ವಾಲ್ವು ಸಡಿಲಿಸಿ ಹಳೆ ಗ್ಯಾಸನ್ನು ಬುಸ್ಸೆಂದು ಗಾಳಿಗೆ ಬಿಡುತ್ತಿದ್ದರು. ಅವರಿಗೂ ಬೇರೆ ದಾರಿ ಇರಲಿಲ್ಲ. ಗ್ಯಾಸು ಹಿಡಿಯುವ ಯಂತ್ರ ಪರದೇಶದಿಂದ ಬರಬೇಕು, ಬಂದರೂ ನಮ್ಮ ಕರೆಂಟಿನ ಏರಿಳಿತಕ್ಕೆ ಸುಟ್ಟು ಮೂಲೆ ಸೇರುತ್ತಿತ್ತು.

ಅಣ್ಣ ಮಾಡಿದ್ದು ಆ ಯಂತ್ರವನ್ನೇ. ಹಳೆ ಏಸಿಯ ಹೊಟ್ಟೆಯೊಳಗಿನ ಗ್ಯಾಸನ್ನು ಹೀರಿ ಸಿಲಿಂಡರಿಗೆ ತುಂಬುತ್ತದೆ, ಒಂದು ಉಸಿರಿನಷ್ಟೂ ಆಚೆ ಬಿಡುವುದಿಲ್ಲ. ಸ್ಕೂಟರಿನಲ್ಲಿ ಎರಡು ಕಾಲಿನ ನಡುವೆ ಇಟ್ಟುಕೊಂಡು ಹೋಗುವಷ್ಟು ಗಾತ್ರ. ಮೆಕ್ಯಾನಿಕ್ಕು ಏಣಿ ಹತ್ತುವಾಗ ಒಂದೇ ಕೈಯಲ್ಲಿ ಎತ್ತಬೇಕು ಎಂಬುದು ಅವನ ಹಟವಾಗಿತ್ತು. ಆಫ್ರಿಕಾದ ಕೆಲವು ದೇಶಗಳಿಗೆ ಇಂಥ ಯಂತ್ರ ಕೊಂಡು ಹಂಚುವ ಸಂಸ್ಥೆಯೊಂದಕ್ಕೆ ಅದು ಹಿಡಿಸಿತು. ಆದರೆ ಇಟಲಿಯ ಒಂದು ಪ್ರಯೋಗಾಲಯ ಪರೀಕ್ಷೆ ಮಾಡಿ ಸೈ ಅನ್ನಬೇಕು, ಆಮೇಲೆ ಮಾತು ಎಂದರು. ಮೊದಲನೆಯ ಸಲ ಕಳಿಸಿದ ಯಂತ್ರದಲ್ಲಿ ಒಂದು ಸ್ವಿಚ್ಚು ಕೈಕೊಟ್ಟು ಫೇಲಾಯಿತು. ಎರಡನೆಯ ಯಂತ್ರವನ್ನು ಕೊರಿಯರಿನವರ ಕೈಗೆ ಕೊಡಲು ಅಣ್ಣನಿಗೆ ಮನಸ್ಸು ಬರಲಿಲ್ಲ. ತಾನೇ ಹೊತ್ತುಕೊಂಡು ಹೋಗುತ್ತೇನೆಂದು ಹೊರಟ. ಇಂಗ್ಲಿಷಿಗೆಂದು ನನ್ನನ್ನು ಎಳೆದುಕೊಂಡ.

"ಈ ಸಲಾನೂ ಆಗ್ಲಿಲ್ಲ ಅಂದ್ರೆ ಶೆಡ್ಡು ಮುಚ್ಬುಡ್ತೀನಿ, ಸಾಕು," ಎಂದು ಅತ್ತಿಗೆಯ ಮುಂದೆಯೇ ಹೇಳಿದ್ದ. ನನಗಂತೂ ಒಳಗೊಳಗೇ ಸಮಾಧಾನವಾಗಿತ್ತು, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅವನ ಕೆಮ್ಮು ಕೇಳಿ ಕೇಳಿ ನನಗೆ ಸಾಕಾಗಿತ್ತು. ಗ್ಯಾಸಿನ ತಣ್ಣನೆ ಏಟಿಗೆ ಸುಟ್ಟು ಬಿಳಿಚಿದ ಅವನ ಬೆರಳ ತುದಿ ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಯಂತ್ರ ಪಾಸಾಗಲಿ ಎಂದು ಬಾಯಲ್ಲಿ ಹೇಳುತ್ತಿದ್ದೆ. ಮನಸ್ಸಿನಲ್ಲಿ ಅವನು ಮನೆಯಲ್ಲಿ ಕೂತರೆ ಸಾಕಪ್ಪ ಎನ್ನುತ್ತಿದ್ದೆ.

ಹೊರಡುವ ಹಿಂದಿನ ದಿನ ಶೆಡ್ಡಿಗೆ ಹೋದರೆ ಅತ್ತಿಗೆ ಚಾಪೆ ಹಾಸಿಕೊಂಡು, ಯಂತ್ರವನ್ನು ಮುಂದಿಟ್ಟುಕೊಂಡು ಕೂತಿದ್ದರು. ಆಯುಧಪೂಜೆಯಲ್ಲಿ ಹಚ್ಚಿದ್ದ ಅರಿಶಿನ ಕುಂಕುಮ ಒಣಗಿ ಉದುರಿತ್ತು. ಪಕ್ಕದಲ್ಲಿ ನೆನೆಸಿದ ಹುಣಸೆಹಣ್ಣು, ತಟ್ಟೆಯಲ್ಲಿ ರಂಗೋಲಿ ಪುಡಿ. ದೀಪಾಲೆ ಕಂಬ ತಿಕ್ಕುವ ಹಾಗೆ ಯಂತ್ರದ ಹಿತ್ತಾಳೆ ಭಾಗಗಳನ್ನೆಲ್ಲ ತಿಕ್ಕುತ್ತಿದ್ದರು. ಪೈಪು ಕೂರಿಸುವ ಮೂತಿಗಳ ಮುಚ್ಚಳ ಬಿಚ್ಚಿ, ಮೂತಿಯನ್ನೂ ಬಿಡದೆ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಉಜ್ಜಿದರು. ತೊಳೆದು ಒರೆಸಿದ ಮೇಲೆ ಆ ತಗಡಿನ ಶೆಡ್ಡಿನಲ್ಲಿ ಅದೊಂದೇ ಫಳಫಳ ಅನ್ನುತ್ತಿತ್ತು.

"ಪರದೇಶಕ್ಕೋಗ್ತಿರೋ ಸಾಮಾನು ಸುಮಿ. ಕಿಲುಬು ಹಿಡ್ಕಂಡೋದ್ರೆ ಏನಂತಾರೆ ಅವ್ರು? ಮೈಸೂರಲ್ಲಿ ಹಿತ್ತಾಳೆ ತೊಳ್ಯೋ ಹೆಂಗಸ್ರೇ ಇಲ್ವಾ ಅನ್ನಲ್ವಾ?" ಎಂದರು ನನಗೆ.

"ಮದುಮಗಳು ಮಾಡ್ಬುಟ್ಲು ಕಣಮ್ಮ ನನ್ ಯಂತ್ರಾನ," ಎಂದು ಅಣ್ಣ ನಕ್ಕ. ಅವನು ನಕ್ಕದ್ದು ನೋಡಿ ಎಷ್ಟೋ ದಿನವಾಗಿತ್ತು.

ಪಕ್ಕದ ಶೆಡ್ಡಿನಲ್ಲಿ ಲೇತು ಓಡಿಸುವ ನಂಜುಂಡ ಬೇಲಿಯಾಚೆಯಿಂದ ಇಣುಕಿದ. "ಮಾದೇವಣ್ಣ, ಆಕಾಶದ್ ತೂತು ಮುಚ್ಚಕ್ಕೆ ಏಣಿ ನೀವೇ ತಕ್ಕಂಡೋಯ್ತೀರಾ, ಇಲ್ಲಾ ಅಲ್ಲೇ ಕೊಡ್ತಾರಾ?" ಎಂದ. ನಾನು ಮೇಷ್ಟರ ಬುದ್ಧಿ ಬಿಡದೆ ಅವನಿಗೂ ಪಾಠ ಶುರು ಮಾಡಿದೆ. ಮೇಲೆ ಹೋಗಿ ತೇಪೆ ಹಾಕುವ ತಂತ್ರ ಯಾರ ಹತ್ತಿರವೂ ಇಲ್ಲಪ್ಪ, ಇಲ್ಲಿಂದ ಗ್ಯಾಸು ಹೋಗುವುದನ್ನು ನಿಲ್ಲಿಸಿದರೆ ಬಿಸಿಲೇ ನಿಧಾನವಾಗಿ ಹೊಸ ಓಝೋನ್ ಮಾಡಿ ಆ ಗಾಯ ಮಾಯಿಸುತ್ತದೆ, ದೇಶಗಳೆಲ್ಲ ಒಪ್ಪಿ ಕೆಟ್ಟ ಗ್ಯಾಸುಗಳನ್ನು ಕೈಬಿಡುತ್ತಾ ಬಂದದ್ದರಿಂದ ಈಗಾಗಲೇ ಮಾಯುತ್ತಿದೆ, ಹಳೆ ಯಂತ್ರಗಳಲ್ಲಿ ಉಳಿದಿರುವುದು ಸೋರದಂತೆ ನೋಡಿಕೊಳ್ಳಬೇಕು ಎಂದೆ. "ಅಂಗಾದ್ರೆ ಏಣಿ ಬ್ಯಾಡ ಬುಡಿ," ಎಂದು ನಂಜುಂಡ ಲೇತಿನ ಕಡೆ ತಿರುಗಿದ.

ಮಿಲಾನ್ ವಿಮಾನ ನಿಲ್ದಾಣ

ಬಸ್ಸು, ವಿಮಾನ, ಮರಳುಗಾಡಿನ ಊರೊಂದರ ನಿಲ್ದಾಣದಲ್ಲಿ ಕಾಯುವಿಕೆ, ಮತ್ತೆ ವಿಮಾನ. ಮಂಡಿ ಮಡಚಿದರೆ ಬಿಚ್ಚಲು ಬರುತ್ತಿರಲಿಲ್ಲ, ಬಿಚ್ಚಿದರೆ ಮಡಚಲು ಬರುತ್ತಿರಲಿಲ್ಲ. ಅಣ್ಣ ಕಿಟಕಿಗೆ ಹಣೆಯಾನಿಸಿ ಕೂತಿದ್ದ. "ಓಝೋನು ಇಲ್ಲೇ ಎಲ್ಲೋ ಇರ್ಬೇಕಲ್ವಾ?" ಎಂದು ಕೇಳಿದ. ಇನ್ನೂ ಮೇಲೆ, ವಿಮಾನ ಹೋಗುವುದಕ್ಕಿಂತ ಬಹಳ ಮೇಲೆ ಎಂದೆ. ಅವನು ಕತ್ತು ಓರೆ ಮಾಡಿ ಮೇಲಕ್ಕೆ ನೋಡಿದ. ಅಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ.

ಮಿಲಾನಿನಲ್ಲಿ ಸುಂಕದವರು ನಮ್ಮ ಮರದ ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆದರು. ತೆಳ್ಳಗೆ ಉದ್ದಕ್ಕಿದ್ದ ಅಧಿಕಾರಿ, ಇದೇನು ಎಂದು ಕೇಳಿದ. ನಿದ್ದೆಗೆಟ್ಟ ತಲೆಯಲ್ಲಿ ನನಗೆ ಹೊಳೆದದ್ದು "ಗ್ಯಾಸು ಹಿಡಿಯುವ ಯಂತ್ರ" ಎಂಬುದಷ್ಟೇ. ಗ್ಯಾಸ್ ಎಂಬುದು ಕಿವಿಗೆ ಬಿದ್ದದ್ದೇ ಅವನು ಹಿಂದೆ ಸರಿದ. ಇನ್ನಿಬ್ಬರು ಬಂದರು. ಒಳಗೆ ಏನೂ ತುಂಬಿಲ್ಲ, ಖಾಲಿ, ಪೂರ್ತಿ ಖಾಲಿ ಎಂದು ನಾನು ಕೈಯಾಡಿಸಿ ಹೇಳುತ್ತಿದ್ದರೆ, ಅಣ್ಣ ಪೆಟ್ಟಿಗೆಯ ಮೇಲೆ ಎರಡೂ ಕೈ ಇಟ್ಟು ನಿಂತುಬಿಟ್ಟಿದ್ದ.

ಕೊನೆಗೆ ಪೆಟ್ಟಿಗೆ ಬಿಚ್ಚಿಸಿದರು. ಅತ್ತಿಗೆ ಹೊರಡುವ ಬೆಳಗ್ಗೆ ಮತ್ತೆ ಇಟ್ಟಿದ್ದ ಕುಂಕುಮದ ಬೊಟ್ಟು, ಬಾಡಿದ ಚೆಂಡುಹೂವಿನ ಸರ, ಹಿಡಿಗೆ ಕಟ್ಟಿದ ನಿಂಬೆಹಣ್ಣು, ನಡುವೆ ಥಳಥಳಿಸುವ ಹಿತ್ತಾಳೆ. ಅಧಿಕಾರಿ ಹಿತ್ತಾಳೆಯ ಹತ್ತಿರ ಮುಖ ತಂದು "ಚಿನ್ನವೇ?" ಎಂದು ಕೇಳಿದ. ಅಲ್ಲ, ಹಿತ್ತಾಳೆ, ತೊಳೆದಿದ್ದಾರೆ ಎಂದೆ. ಅವನು ನಂಬದೆ ಉಗುರಿನಿಂದ ತಟ್ಟಿ ನೋಡಿದ. ಆಮೇಲೆ ಕಾಗದಪತ್ರಗಳನ್ನೆಲ್ಲ ಓದಿ, ಯಂತ್ರವನ್ನು ಬಿಟ್ಟು ನಿಂಬೆಹಣ್ಣನ್ನೂ ಹೂವನ್ನೂ ಕಿತ್ತುಕೊಂಡ. ಹೊರದೇಶದ ಹಣ್ಣು ಹೂವು ಒಳಗೆ ಬಿಡುವುದಿಲ್ಲವಂತೆ.

ಪೆಟ್ಟಿಗೆಗೆ ಮತ್ತೆ ಮೊಳೆ ಹೊಡೆಯುವಾಗ ಅಣ್ಣನ ಮುಖ ಚಿಕ್ಕದಾಗಿತ್ತು. "ನಿಂಬೆಹಣ್ಣು ತಕ್ಕೊಂಡ್ಬುಟ್ರಲ್ಲ," ಎಂದ. ದೇವರು ದಿಂಡರು ಎಂದು ಹೆಚ್ಚು ಹಚ್ಚಿಕೊಂಡವನಲ್ಲ ಅವನು. ಆದರೂ ಕಟ್ಟಿದವರು ಅತ್ತಿಗೆಯಲ್ಲವೆ. "ಅವ್ಳಿಗೆ ಹೇಳ್ಬೇಡ," ಎಂದ. ಈ ಪ್ರವಾಸದಲ್ಲಿ ಅವನು ಆ ಮಾತು ಹೇಳಿದ್ದು ಅದೇ ಮೊದಲು.

ವೆರ್ಚೆಲ್ಲಿ

ಪ್ರಯೋಗಾಲಯವಿರುವುದು ಪೋ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ. ಫ್ರಿಜ್ಜು, ಕೋಲ್ಡ್ ಸ್ಟೋರೇಜು ಮಾಡುವುದೇ ಆ ಸೀಮೆಯವರ ಕಸುಬು. ಅಲ್ಲಿಗೆ ವೆರ್ಚೆಲ್ಲಿ ಎಂಬಲ್ಲಿ ರೈಲು ಬದಲಿಸಿ ಮುಂದೆ ಹೋಗಬೇಕು. ವೆರ್ಚೆಲ್ಲಿ ತನಕ ಬಂದೆವು. ಅಲ್ಲಿಂದ ಮುಂದೆ ರೈಲಿಲ್ಲ. ಮುಷ್ಕರ.

ನಮ್ಮ ಕಡೆ ಬಂದ್ ಎಂದರೆ ಕಣ್ಣಿಗೆ ಕಾಣುತ್ತದೆ. ರಸ್ತೆಯಲ್ಲಿ ಟೈರು ಉರಿಯುತ್ತದೆ, ಘೋಷಣೆ ಕೇಳುತ್ತದೆ, ಅರ್ಧ ಬಾಗಿಲು ಎಳೆದುಕೊಂಡು ಹೋಟೆಲಿನವನು ಒಳಗೊಳಗೇ ಕಾಫಿ ಕೊಡುತ್ತಾನೆ. ಇಲ್ಲಿ ಗೋಡೆಗೆ ಅಂಟಿಸಿದ ಒಂದು ಹಾಳೆ, ಅಷ್ಟೇ. ಮುಷ್ಕರವಿದೆಯೆಂದು ಎಲ್ಲರಿಗೂ ಮೊದಲೇ ಗೊತ್ತು. ಬೆಳಗ್ಗೆ ಸಂಜೆ ಕೆಲಸಕ್ಕೆ ಹೋಗುವವರಿಗೆಂದು ಕೆಲವು ರೈಲು ಓಡಿಸುತ್ತಾರಂತೆ, ನಡುವಿನ ಹೊತ್ತಿನಲ್ಲಿ ಯಾರೂ ನಿಲ್ದಾಣದ ಕಡೆ ಸುಳಿಯುವುದಿಲ್ಲವಂತೆ. ನಡುವಿನ ಹೊತ್ತಿಗೆ ಸರಿಯಾಗಿ ಬಂದು ನಿಂತವರು ನಾವಿಬ್ಬರೇ. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಪ್ಲಾಟ್‌ಫಾರ್ಮೂ ಕಾಣುತ್ತಿರಲಿಲ್ಲ.

ನಿಲ್ದಾಣದ ಹೊರಗಿನ ಕಾಫಿ ಅಂಗಡಿಗೆ ಹೋದೆವು. ಜನ ನಿಂತೇ ಕುಡಿದು ಲೋಟ ಇಟ್ಟು ಹೋಗುತ್ತಿದ್ದರು. ಅದನ್ನು ನೋಡಿ ನಮ್ಮೂರಿನ ದರ್ಶಿನಿಗೇ ಬಂದ ಹಾಗಾಯಿತು. ಆದರೆ ಬಂದ ಕಾಫಿ ತೀರ್ಥ ಕೊಡುವ ಉದ್ಧರಣೆಯಷ್ಟು. ಅಣ್ಣ ಒಂದೇ ಗುಟುಕಿಗೆ ಮುಗಿಸಿ, ಇನ್ನು ಬರುತ್ತದೇನೋ ಎಂದು ಕಾದ. ನಾನು ಹಾಲು ಹಾಕಿದ ಕಾಫಿ ಕೇಳಿದೆ. ಅಂಗಡಿಯಾಕೆ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಬೆಳಗಿನ ತಿಂಡಿ ಹೊತ್ತು ಕಳೆದ ಮೇಲೆ ಹಾಲು ಹಾಕಿದ ಕಾಫಿ ಕುಡಿಯುವವರು ಹೊಟ್ಟೆ ಸರಿಯಿಲ್ಲದವರು ಎಂದು ಅವರ ಲೆಕ್ಕವೆಂದು ಆಮೇಲೆ ತಿಳಿಯಿತು. ಕೊಟ್ಟಳು, ಆದರೆ ಕಾಯಿಲೆಯವಳಿಗೆ ಕೊಡುವ ಹಾಗೆ ಕೊಟ್ಟಳು.

ಮರುದಿನ ಬೆಳಗ್ಗೆಯೇ ಪರೀಕ್ಷೆ. ಅಣ್ಣ ಪೆಟ್ಟಿಗೆಯ ಮೇಲೆ ಕೂತು ಕೆಮ್ಮುತ್ತಿದ್ದ. ಇಷ್ಟು ವಯಸ್ಸಾದ ಇಬ್ಬರು ಒಂದು ಮರದ ಪೆಟ್ಟಿಗೆ ಕಟ್ಟಿಕೊಂಡು ಗೊತ್ತಿಲ್ಲದ ದೇಶದ ಮಂಜಿನಲ್ಲಿ ಕೂತಿದ್ದೇವಲ್ಲ ಎಂದು ನನಗೆ ಅಳುವೇ ಬಂತು. ಕೋಪವೂ ಬಂತು. "ಇದೆಲ್ಲ ಬೇಕಿತ್ತಾ ಅಣ್ಣ? ನಿವೃತ್ತಿ ಆಗಿ ಚಾಮುಂಡಿ ಬೆಟ್ಟದ ಮೆಟ್ಲು ಹತ್ಕೊಂಡು ಆರಾಮಾಗಿರೋ ವಯಸ್ಸಲ್ಲಿ," ಎಂದು ರೇಗಿದೆ.

"ಬೆಟ್ಟ ಅಲ್ಲೇ ಇರ್ತದೆ, ಎಲ್ಲೋಗ್ತದೆ," ಎಂದ. "ಎಷ್ಟು ಗ್ಯಾಸ್ ಬುಟ್ಟಿದೀನಿ ಗೊತ್ತಾ ಸುಮಿ ಈ ಕೈಲಿ? ಎಲ್ರೂ ಬುಡ್ತಿದ್ರು, ನಾನೂ ಬುಟ್ಟೆ. ಅದ್ರಲ್ಲಿ ತಪ್ಪು ನಂದು ಅಂತ ಅಲ್ಲ. ಆದ್ರೆ ಇಡ್ಯಕ್ಕೆ ಒಂದು ದಾರಿ ಸಿಕ್ಕದ್ಮೇಲೆ ಸುಮ್ನೆ ಎಂಗಿರದು?" ಎಂದ.

ಅಷ್ಟರಲ್ಲಿ ಕಾಫಿ ಅಂಗಡಿಯಲ್ಲಿದ್ದ ಒಬ್ಬ ಮುದುಕ, ಪಿಯೆರೊ ಎಂದು ಎದೆ ತಟ್ಟಿ ಹೆಸರು ಹೇಳಿಕೊಂಡವನು, ನಮ್ಮ ಕಾಗದದ ಮೇಲಿನ ವಿಳಾಸ ನೋಡಿ ತನ್ನ ಹಳೆಯ ವ್ಯಾನಿನಲ್ಲಿ ಕರೆದೊಯ್ಯುತ್ತೇನೆಂದು ಸನ್ನೆ ಮಾಡಿದ. ದಾರಿಯುದ್ದಕ್ಕೂ ಎರಡೂ ಕಡೆ ಬಯಲು. ಮಂಜು ಸ್ವಲ್ಪ ಸರಿದಾಗ ಅಣ್ಣ ನನ್ನ ತೋಳು ಹಿಡಿದು ಅಲ್ಲಾಡಿಸಿದ. "ಸುಮಿ, ಕೂಳೆ! ಭತ್ತದ ಕೂಳೆ!" ಎಂದ. ನಿಜವೇ. ಕೊಯ್ಲಾದ ಗದ್ದೆ, ಬದು, ಬದುವಿನ ಪಕ್ಕ ಕಾಲುವೆ, ಕಾಲುವೆಯಲ್ಲಿ ಒಂಟಿಕಾಲಿನ ಕೊಕ್ಕರೆ. ಮಂಡ್ಯದ ಕಡೆಯ ರಸ್ತೆಯೇ. ಇಟಲಿಯವರು ಅನ್ನ ಉಣ್ಣುತ್ತಾರೆಂದು ವಿಜ್ಞಾನ ಹೇಳಿಕೊಟ್ಟ ನನಗೂ ಗೊತ್ತಿರಲಿಲ್ಲ. ಪಿಯೆರೊ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ನಾಟಿ ಹಾಕುವುದನ್ನು ಮಾಡಿ ತೋರಿಸಿದ. ಅಣ್ಣನೂ ಮಾಡಿ ತೋರಿಸಿದ. ನಾನು ಮುಂದಿನ ರಸ್ತೆ ನೋಡುತ್ತಾ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಪರೀಕ್ಷೆಯ ಬೆಳಗ್ಗೆ

ಪ್ರಯೋಗಾಲಯದ ಪರೀಕ್ಷಕಿ ಲೊರೆದಾನಾ, ನಲವತ್ತು ದಾಟಿದ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದಕ್ಕೊಂದು ಹೊಂದಿಕೊಂಡವು. ಪೆಟ್ಟಿಗೆಯಿಂದ ಯಂತ್ರ ಎತ್ತಿದ್ದೇ ಅವಳು "ಬೆಲ್ಲಾ!" ಎಂದಳು. ಬೆಲ್ಲವಲ್ಲ, ಚೆನ್ನಾಗಿದೆ ಎಂದು ಅರ್ಥ ಎಂದು ಅಣ್ಣನಿಗೆ ಹೇಳಿದೆ. ಪಕ್ಕದ ಕೋಣೆಯವರನ್ನೂ ಕರೆದು ಹಿತ್ತಾಳೆ ತೋರಿಸಿದಳು. ಅಣ್ಣನಿಗೆ ನಾಚಿಕೆ. ಹೆಂಡತಿಯನ್ನೇ ಹೊಗಳಿದ ಹಾಗೆ ತಲೆ ತಗ್ಗಿಸಿಕೊಂಡು ನಿಂತಿದ್ದ.

ಪರೀಕ್ಷೆ ಮೂರು ತರಹ. ಎಷ್ಟು ಬೇಗ ಗ್ಯಾಸು ಹೀರುತ್ತದೆ, ಬಿಸಿಲಿನಂಥ ಕಾವಿನಲ್ಲಿ ಕೆಲಸ ಮಾಡುತ್ತದೆಯೆ, ಎಲ್ಲಾದರೂ ಸೋರುತ್ತದೆಯೆ. ಮೊದಲನೆಯದು ಸಲೀಸಾಗಿ ಆಯಿತು. ಎರಡನೆಯದಕ್ಕೆ ಯಂತ್ರವನ್ನು ಕಾದ ಪೆಟ್ಟಿಗೆಯೊಳಗಿಟ್ಟರು. ಮೇ ತಿಂಗಳಲ್ಲಿ ಹೆಬ್ಬಾಳದ ಶೆಡ್ಡಿನಲ್ಲಿ ಹುಟ್ಟಿದ ಯಂತ್ರಕ್ಕೆ ಅದೇನು ಲೆಕ್ಕ, ಅದು ಒಂದೇ ಸಮನೆ ಗುಂಯ್ ಅನ್ನುತ್ತಾ ಓಡಿತು. ಕರೆಂಟು ಏರಿಸಿದರು, ಇಳಿಸಿದರು, ಆಗಲೂ ನಿಲ್ಲಲಿಲ್ಲ. ಲೊರೆದಾನಾ ಅಣ್ಣನ ಕಡೆ ತಿರುಗಿ ಹೆಬ್ಬೆರಳು ಎತ್ತಿದಳು. ಅಣ್ಣ ನನ್ನ ಕಡೆ ನೋಡಿದ. ಆ ಕಣ್ಣು ನೋಡಿದಾಗ ಪಾಸಾಗಲಿ ದೇವರೇ ಎಂದು ನಾನು ನಿಜವಾಗಿಯೂ ಬೇಡಿಕೊಂಡೆ.

ಮೂರನೆಯದಕ್ಕೆ ಸೋರಿಕೆ ಮೂಸುವ ಒಂದು ಉಪಕರಣ ತಂದಳು. ತುದಿಯಲ್ಲಿ ಇಲಿಯ ಬಾಲದಂಥ ಕೊಳವೆ. ಅದನ್ನು ಒಂದೊಂದೇ ಜಾಯಿಂಟಿನ ಸುತ್ತ ಆಡಿಸುತ್ತಾ ಬಂದಳು. ಗ್ಯಾಸು ಒಳಗೆ ಬರುವ ಮೂತಿಯ ಹತ್ತಿರ ಬಂದದ್ದೇ ಅದು ಕೀಚ್ ಕೀಚ್ ಎಂದು ಕೂಗಿತು. ನಟ್ಟನ್ನು ಇನ್ನಷ್ಟು ಬಿಗಿ ಮಾಡಿದಳು. ಕೂಗಿತು. ಬಿಚ್ಚಿ ಮತ್ತೆ ಕೂರಿಸಿದಳು. ಆಗಲೂ ಕೂಗಿತು.

"ನಮ್ಮಲ್ಲಿ ಸೋರ್ತಿರ್ಲಿಲ್ಲ, ಹೇಳು ಅವ್ರಿಗೆ, ನಮ್ಮಲ್ಲಿ ಸೋರ್ತಿರ್ಲಿಲ್ಲ," ಎಂದ ಅಣ್ಣ. ನಮ್ಮಲ್ಲಿ ಪೈಪಿನ ತುದಿಗೆ ರಬ್ಬರ್ ವಾಷರ್ ಇರುತ್ತದೆ, ಸಣ್ಣಪುಟ್ಟ ಕೊರತೆ ಅದು ನುಂಗಿಕೊಳ್ಳುತ್ತದೆ. ಇಲ್ಲಿ ತಾಮ್ರದ ಕೊಳವೆಯನ್ನು ನೇರ ಹಿತ್ತಾಳೆಗೆ ಕೂರಿಸಿದ್ದರು. ಲೋಹಕ್ಕೆ ಲೋಹ ಕೂದಲೆಳೆಯ ಸಂದೂ ಇಲ್ಲದೆ ಕೂರಬೇಕು.

ಲೊರೆದಾನಾ ಕೊಳವೆ ತೆಗೆದು ಮೂತಿಯ ಮೇಲೆ ಭೂತಗನ್ನಡಿ ಹಿಡಿದಳು. ಆಮೇಲೆ ಅದನ್ನು ಅಣ್ಣನ ಕೈಗೆ ಕೊಟ್ಟಳು. ಅವನು ಬಹಳ ಹೊತ್ತು ನೋಡಿದ. ನಾನೂ ನೋಡಿದೆ. ನಯವಾಗಿ ಕನ್ನಡಿಯಂತಿರಬೇಕಾದ ಮೂತಿಯ ಇಳಿಜಾರು ಅಂಚಿನ ಮೇಲೆ ಅಡ್ಡಡ್ಡ ಸಣ್ಣ ಗೀರುಗಳು. ಬುಡದ ತಿರುಪಿನ ಗೆರೆಯೊಂದರಲ್ಲಿ ಬಿಳಿಯ ಪುಡಿಯ ಒಂದು ಕಾಳು.

"ಮರಳುಕಾಗದದಲ್ಲಿ ಉಜ್ಜಿದ್ದೀರಾ?" ಎಂದು ಕೇಳಿದಳು.

ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಗಿ ಬರಲಿಲ್ಲ. ಅಣ್ಣನಿಗೆ ಅರ್ಥವಾಗಿತ್ತು. ಪುಡಿ ನೋಡಿದಾಗಲೇ ಅರ್ಥವಾಗಿತ್ತು. ಅವನು ಭೂತಗನ್ನಡಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟು, ತನ್ನ ಬಿಳಿಚಿದ ಬೆರಳ ತುದಿಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಇದು ದೊಡ್ಡ ವಿಷಯವೇ ಅಲ್ಲ, ಆ ಮೂತಿ ಯಾವ ಅಂಗಡಿಯಲ್ಲೂ ಸಿಗುತ್ತದೆ, ಬದಲಾಯಿಸಿದರಾಯಿತು ಎಂದು ನಾನು ವಾದ ಹೂಡಿದೆ. ಲೊರೆದಾನಾ ಆಗುವುದಿಲ್ಲವೆಂದು ತಲೆಯಾಡಿಸಿದಳು. ತಂದ ಯಂತ್ರ ತಂದ ಹಾಗೆಯೇ ಇರಬೇಕು, ಒಂದು ತಿರುಪು ಬದಲಿಸಿದರೂ ಅದು ಬೇರೆ ಯಂತ್ರ, ಪರೀಕ್ಷೆ ಮೊದಲಿನಿಂದ ಆಗಬೇಕು, ಅದಕ್ಕೆ ಜಾಗ ಸಿಗುವುದು ಚಳಿಗಾಲ ಕಳೆದ ಮೇಲೆ ಎಂದಳು. ಹೇಳುವಾಗ ಅವಳಿಗೂ ಬೇಜಾರಾಗಿತ್ತು. ಕೆಂಪು ಪೆನ್ನಿನಲ್ಲಿ ಯಂತ್ರದ ಮೇಲೇ ಆ ಮೂತಿಯ ಸುತ್ತ ಒಂದು ಗುಂಡು ಗೆರೆ ಎಳೆದಳು.

ಸೋರುವುದನ್ನು ನಿಲ್ಲಿಸಲೆಂದು ಮಾಡಿದ ಯಂತ್ರ ಸೋರಿತ್ತು. ನಾನು ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತೆ.

ತಾಮ್ರದ ಕಡಾಯಿ

ಮಧ್ಯಾಹ್ನ ಆ ಊರಿನಲ್ಲಿ ಎಲ್ಲ ಅಂಗಡಿಗೂ ಬಾಗಿಲು. ಹೊಟ್ಟೆ ಹಸಿದವನು ಮನೆಗೆ ಹೋಗಬೇಕು, ಮನೆ ಇಲ್ಲದವನು ಸುಮ್ಮನಿರಬೇಕು. ನಮ್ಮನ್ನು ಹಾಗೆ ಬಿಡಲಾರದೆ ಲೊರೆದಾನಾ ಹಿಂದಿನ ಬೀದಿಯಲ್ಲೇ ಇದ್ದ ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಅವಳ ತಾಯಿ, ಎಂಬತ್ತು ಮೀರಿದ ಅಜ್ಜಿ, ಮುಸುಕಿನಜೋಳದ ಹಿಟ್ಟನ್ನು ತಾಮ್ರದ ಕಡಾಯಿಯಲ್ಲಿ ಕೋಲಿನಿಂದ ತೊಳಸುತ್ತಿದ್ದರು. ಬಣ್ಣ ಹಳದಿ ಎನ್ನುವುದು ಬಿಟ್ಟರೆ ನಮ್ಮ ರಾಗಿಮುದ್ದೆಯ ಹದವೇ. ಅಣ್ಣ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ, ತಟ್ಟೆ ಮುಂದೆ ಬಂದರೂ ಚಮಚ ಮುಟ್ಟಲಿಲ್ಲ.

ಊಟವಾದ ಮೇಲೆ ಅಜ್ಜಿ ಕಡಾಯಿಯನ್ನು ಮಡಿಲಲ್ಲಿಟ್ಟುಕೊಂಡು, ಉಪ್ಪು, ಹಿಟ್ಟು, ಹುಳಿ ವಿನಿಗರ್ ಕಲಸಿ ಕೈಯಲ್ಲೇ ಉಜ್ಜತೊಡಗಿದರು. ಕರಿ ಹೋಗಿ ತಾಮ್ರದ ಕೆಂಪು ಎದ್ದು ಬಂತು. ಅಣ್ಣ ಅದನ್ನೇ ನೋಡುತ್ತಿದ್ದ.

"ಸುಮಿ," ಎಂದ. "ಅವ್ರಿಗೆ ಹೇಳು. ನಮ್ಮನೇಲೂ ಇಂಗೇ ಉಜ್ತಾಳೆ ಅಂತ. ಹುಣಸೆಹಣ್ಣು, ರಂಗೋಲಿ ಪುಡಿ ಅಂತ."

ನಾನು ಹೇಳಿದೆ. ಲೊರೆದಾನಾ ಒಂದು ಗಳಿಗೆ ಅರ್ಥವಾಗದೆ ನೋಡಿದಳು. ಆಮೇಲೆ ಅವಳ ಬಾಯಿ ನಗಲು ತೆರೆದು, ನಗದೆ ಮುಚ್ಚಿಕೊಂಡಿತು. ತಾಯಿಗೆ ತಮ್ಮ ಭಾಷೆಯಲ್ಲಿ ಪೂರ್ತಿ ವಿವರಿಸಿದಳು. ಅಜ್ಜಿಯ ಕೈ ನಿಂತಿತು. ಅಣ್ಣನ ಕಡೆ ತಿರುಗಿ ಉದ್ದಕ್ಕೆ ಏನೋ ಹೇಳಿದರು, ಗದರಿದ ಹಾಗೆ.

"ನಿಮ್ಮ ಹೆಂಡತಿಗೆ ಹೇಳಬೇಡಿ ಅನ್ನುತ್ತಿದ್ದಾಳೆ," ಎಂದಳು ಲೊರೆದಾನಾ. "ಹೇಳಿದರೆ ಅವರು ಇನ್ನು ಮೇಲೆ ನಿಮ್ಮ ಯಾವ ಸಾಮಾನನ್ನೂ ಮುಟ್ಟುವುದಿಲ್ಲವಂತೆ."

ವಾಪಸು ಬರುವಾಗ, ಮಂಜಿನಲ್ಲಿ, ವಿಮಾನದಲ್ಲಿ, ಬೆಂಗಳೂರಿನಿಂದ ಮೈಸೂರಿನ ಬಸ್ಸಿನಲ್ಲಿ, ಅಣ್ಣ ಮಾತಾಡಿದ್ದು ಕಡಮೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಕಿಟಕಿಯಾಚೆ ನೋಡುತ್ತಲೇ ಹೇಳಿದ. "ಶೆಡ್ಡು ಮುಚ್ತೀನಿ ಕಣಮ್ಮ. ಸುಸ್ತಾಗೋಯ್ತು. ಆದ್ರೆ ಸ್ವಿಚ್ಚು ಹೋಯ್ತು ಅಂತ ಹೇಳಣ. ಅವ್ಳಿಗೆ ಅದು ಗೊತ್ತಾಗ್ಬಾರ್ದು." ಅಷ್ಟು ದಿನ ನಾನು ಕೇಳಬೇಕೆಂದಿದ್ದ ಮಾತು ಅದು. ಕೇಳಿದಾಗ ಸಂತೋಷವೇ ಆಗಲಿಲ್ಲ. ಆಯ್ತು ಅಣ್ಣ ಎಂದೆ.

ಮತ್ತೆ ಹೆಬ್ಬಾಳ

ಅತ್ತಿಗೆ ಮನೆಯಲ್ಲಿರಲಿಲ್ಲ, ಶೆಡ್ಡಿನಲ್ಲೇ ಕಾಯುತ್ತಿದ್ದರು. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಶಿಫ್ಟು ಬಿಟ್ಟ ಹೊತ್ತು, ಹೊರಗೆ ಕಾರ್ಖಾನೆಯ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಲೋಟದ ತುಂಬಾ ಕಾಫಿ ಕೈಗೆ ಬಂದಾಗ ನನ್ನ ಪ್ರವಾಸ ಮುಗಿಯಿತು ಅನ್ನಿಸಿತು.

"ಪಾಸಾಯ್ತಾ?" ಎಂದರು.

"ಇಲ್ಲ."

"ಯಾಕಂತೆ?"

"ಅದೇ... ಸ್ವಿಚ್ಚು," ಎಂದ ಅಣ್ಣ, ಕಾಫಿ ಲೋಟದೊಳಗೆ ನೋಡುತ್ತಾ.

"ಹೋದ್ಸಲಾನೂ ಸ್ವಿಚ್ಚು. ಈ ಸಲಾನೂ ಸ್ವಿಚ್ಚಾ? ನೀವೇ ಎರಡೆರಡ್ ಸಲ ಚೆಕ್ ಮಾಡಿದ್ರಲ್ಲ?"

ಅಣ್ಣ ನನ್ನ ಕಡೆ ನೋಡಿದ. ನಾನು ಹೊರಗಿನ ಬಸ್ಸುಗಳನ್ನು ನೋಡಿದೆ. ಅತ್ತಿಗೆ ಇಬ್ಬರನ್ನೂ ಬಿಟ್ಟು ಪೆಟ್ಟಿಗೆಯ ಹತ್ತಿರ ಹೋದರು. ಮುಚ್ಚಳ ಎತ್ತಿ, ಯಂತ್ರವನ್ನು ಅರ್ಧ ಹೊರಗೆಳೆದರು. ಹಿತ್ತಾಳೆ ಮಬ್ಬಾಗಿತ್ತು. ಆ ಮಬ್ಬಿನ ನಡುವೆ ಕೆಂಪು ಗುಂಡು ಗೆರೆ ಎದ್ದು ಕಾಣುತ್ತಿತ್ತು. ಅದನ್ನು ಅಳಿಸುವುದು ಬುದ್ಧಿವಂತರಾದ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಅತ್ತಿಗೆ ಮೂತಿಯ ಮುಚ್ಚಳ ಬಿಚ್ಚಿ ಹೆಬ್ಬೆರಳಿನ ಉಗುರನ್ನು ಅದರ ಮೇಲೆ ನಿಧಾನವಾಗಿ ಎಳೆದರು. ದಿನಾ ದೀಪ, ತಂಬಿಗೆ ಉಜ್ಜುವ ಕೈಗೆ ಗೀರು ತಿಳಿಯದೆ ಇರುತ್ತದೆಯೆ. ಸೆರಗಿನ ಚುಂಗಿನಿಂದ ತಿರುಪಿನ ಗೆರೆಯೊಳಗೆ ಒತ್ತಿ ನೋಡಿದರು. ಬಟ್ಟೆಯ ಮೇಲೆ ಬಿಳಿ ಹತ್ತಿತು.

"ಇಟಲಿಗೋಗ್ಬಂದ್ರೂ ಒಂದ್ ಸುಳ್ಳು ಹೇಳಕ್ ಬರಲ್ಲ ನಿಮ್ಗೆ," ಎಂದರು. ನಮ್ಮ ಕಡೆ ತಿರುಗಲಿಲ್ಲ. "ಇದು ನನ್ ಕೈದು ಅಂತ ಹೇಳಿದ್ರೆ ನಾನೇನ್ ಸತ್ತೋಗ್ತಿದ್ನಾ?"

"ಚೆನ್ನಾಗಿ ಕಾಣ್ಲಿ ಅಂತ ತಾನೇ ನೀನ್ ಮಾಡಿದ್ದು," ಎಂದ ಅಣ್ಣ. "ಅಲ್ಲಿ ಎಲ್ರನ್ನೂ ಕರ್ಕೊಂಡ್ ಬಂದು ತೋರ್ಸಿದ್ರು ಕಣೇ, ನಿನ್ ಹಿತ್ತಾಳೇನ. ಸುಂಕದೋನು ಚಿನ್ನ ಅಂದ್ಕಂಡ. ಸುಮೀನೇ ಕೇಳು."

"ಹೌದು ಅತ್ತಿಗೆ, ಚಿನ್ನ ಅಂದ್ಕೊಂಡ," ಎಂದೆ.

ಅವರು ಕಣ್ಣೊರೆಸಿಕೊಂಡು ತಿರುಗಿದರು. "ಶೆಡ್ಡು ಮುಚ್ತೀರಾ ಈಗ?"

ಅಣ್ಣ ಹೌದೆಂದು ತಲೆಯಾಡಿಸಿದ.

"ಮುಚ್ಚಿ. ನಾನೇನ್ ಬ್ಯಾಡ ಅನ್ನಲ್ಲ, ನಿಮ್ ಮೈಗೂ ಆಗಲ್ಲ," ಎಂದರು ಅತ್ತಿಗೆ. "ಆದ್ರೆ ಇದು ಪಾಸಾದ್ಮೇಲೆ ಮುಚ್ಚಿ. ನನ್ ಕೈಯಿಂದ ಮುಚ್ಚೋಯ್ತು ಅಂತ ಮಾಡ್ಬ್ಯಾಡಿ. ಅಷ್ಟ್ ಮಾತ್ರ ಮಾಡ್ಬ್ಯಾಡಿ."

ಹೊರಗೆ ಕೊನೆಯ ಬಸ್ಸು ಹೋಗಿ ಧೂಳು ಕೂತಿತು. ಅಣ್ಣ ಲೋಟ ಕೆಳಗಿಟ್ಟು, ಒಮ್ಮೆ ಕೆಮ್ಮಿ, ಮಂಡಿಯ ಮೇಲೆ ಕೈಯೂರಿ ಎದ್ದ. ಪೆಟ್ಟಿಗೆಯ ಮುಂದೆ ಚಾಪೆ ಹಾಕಿಕೊಂಡು ಕೂತು, ಆ ಮೂತಿಯನ್ನು ಬಿಚ್ಚಲು ಕೈ ಚಾಚಿದ. ಅತ್ತಿಗೆ ಸೆರಗು ಕಟ್ಟಿಕೊಂಡು ಯಂತ್ರವನ್ನು ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದರು. ಶೆಡ್ಡು ಮುಚ್ಚಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತು ಇಟಲಿಯ ತನಕ ಹೋಗಿ ಬಂದವಳು ನಾನು. ಗೋಡೆಯ ಮೊಳೆಗೆ ನೇತುಹಾಕಿದ್ದ ಸ್ಪ್ಯಾನರುಗಳಲ್ಲಿ ಅದಕ್ಕೆ ಹೊಂದುವುದನ್ನು ಹುಡುಕಿ ಅವನ ಕೈಗೆ ಕೊಟ್ಟೆ.